ಕಾರಿನ ಬಾಗಿಲ ಪ್ಯಾನೆಲ್ ಹೊದಿಕೆ

ಕಾರಿನ ಬಾಗಿಲ ಒಳಮೈಗೆ ಅಂಟಿಸುವ ಬಟ್ಟೆ ಅಥವಾ ರೆಕ್ಸಿನ್ ಹೊದಿಕೆ. ಇದು ಸುಲಿದಾಗ ಮರಳಿ ಅಂಟಿಸುವುದು, ಬದಲಿಸುವುದು ಸೀಟ್ ಕುಶನ್ ಕೆಲಸದವರ ಕಸುಬು. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಕಾರುಗಳಲ್ಲಿ ಹಾರ್ಡ್‌ಬೋರ್ಡ್ ಮೇಲೆ ರೆಕ್ಸಿನ್ ಇರುತ್ತಿತ್ತು. ಈಗಿನ ಕಾರುಗಳಲ್ಲಿ ಪ್ಲಾಸ್ಟಿಕ್ ಪ್ಯಾನೆಲ್ ಮೇಲೆ ಬಟ್ಟೆ ಅಥವಾ ರೆಕ್ಸಿನ್ ಬರುತ್ತದೆ.

ಕಾರಣಗಳು: ಬಿಸಿಲಿಗೆ ಅಂಟು ಸಡಿಲವಾಗುತ್ತದೆ, ಬಟ್ಟೆಯ ಹಿಂದಿನ ಫೋಮ್ ಪುಡಿಯಾಗುತ್ತದೆ. ಬಯಲುಸೀಮೆ ಮಲೆನಾಡಿನತ್ತ ಹೊರಳುವ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಭಾಗದಲ್ಲಿ ಬೇಸಿಗೆಯ ಕಾವಿನ ಬೆನ್ನಿಗೇ ಮುಂಗಾರಿನ ತೇವವೂ ಸೇರುತ್ತದೆ. ಪ್ಯಾನೆಲ್ ಹಿಂದಿನ ಪ್ಲಾಸ್ಟಿಕ್ ಹಾಳೆ ಹರಿದಿದ್ದರೆ ಮಳೆನೀರು ಒಳಗಿಳಿದು ಹಾರ್ಡ್‌ಬೋರ್ಡ್ ಉಬ್ಬುತ್ತದೆ.

ದುರಸ್ತಿ: ಹಿಡಿಕೆಯ ಸ್ಕ್ರೂ ಬಿಚ್ಚಿ, ಕ್ಲಿಪ್‌ಗಳನ್ನು ಮೆಲ್ಲಗೆ ಎಬ್ಬಿಸಿ, ಪವರ್ ವಿಂಡೋ ವೈರು ಕಳಚಿ ಪ್ಯಾನೆಲ್ ತೆಗೆಯಬೇಕು. ಹಳೆಯ ಅಂಟು, ಫೋಮ್ ಪುಡಿಯನ್ನು ಪೂರ್ತಿ ಕೆರೆಯಬೇಕು. ಉಳಿದ ಪುಡಿಯ ಮೇಲೆ ಹೊಸ ಅಂಟು ನಿಲ್ಲದು. ಅಂಟು ತೆಗೆಯಲು ಬಳಸುವ ಥಿನ್ನರ್ ಕೆಲವು ಪ್ಲಾಸ್ಟಿಕ್‌ಗಳನ್ನು ಕರಗಿಸುವುದರಿಂದ ಮರೆಯ ಮೂಲೆಯಲ್ಲಿ ಮೊದಲು ಪರೀಕ್ಷಿಸುವುದು ಅಗತ್ಯ. ಸಿಂಥೆಟಿಕ್ ರಬ್ಬರ್ ಅಂಟನ್ನು ಎರಡೂ ಮೈಗೆ ತೆಳ್ಳಗೆ ಬಳಿದು, ಬೆರಳಿಗೆ ಅಂಟದಷ್ಟು ಆರಿದ ಮೇಲೆ ನಡುವಿನಿಂದ ಅಂಚಿಗೆ ಒತ್ತಬೇಕು. ಉಬ್ಬಿದ ಹಾರ್ಡ್‌ಬೋರ್ಡನ್ನು ಅಳತೆಗಿಟ್ಟು ಹೊಸದನ್ನು ಕತ್ತರಿಸುತ್ತಾರೆ. ಹರಿದ ಪ್ಲಾಸ್ಟಿಕ್ ಹಾಳೆಯನ್ನು ಬದಲಿಸಿದರಷ್ಟೇ ಈ ದುರಸ್ತಿ ಬಾಳುತ್ತದೆ.