ಏಜಿಯನ್ ಸಮುದ್ರದ ಕಡವು ಮತ್ತು ಅದರ ಒಡೆತನ

ಏಜಿಯನ್ ಸಮುದ್ರದ ದ್ವೀಪಗಳಿಂದ ಗ್ರೀಸಿನ ಮುಖ್ಯಭೂಮಿಗೆ ಸಾಗುವ ಕಡವಿನ ಚರಿತ್ರೆಯನ್ನು ಹಾಯಿಯಿಂದ ಉಗಿಗೆ, ಉಗಿಯಿಂದ ಡೀಸೆಲ್‌ಗೆ ಎಂಬಂತೆ ಯಂತ್ರಗಳ ಬೆಳವಣಿಗೆಯ ಕ್ರಮದಲ್ಲಿ ನಿರೂಪಿಸುವುದು ಸುಲಭವಾದರೂ, ಹಡಗು ಯಾರ ಕೈಯಲ್ಲಿದೆ, ಯಾರ ಅನುಕೂಲಕ್ಕೆ ಓಡುತ್ತದೆ ಎಂಬ ಪ್ರಶ್ನೆಯನ್ನು ಮುಂದಿಟ್ಟುಕೊಂಡಾಗಲೇ ಅದರ ನಿಜವಾದ ತಿರುವುಗಳು ಕಾಣಿಸುತ್ತವೆ. ವರಿಷ್ಠ ನ್ಯಾಯಾಲಯ, ದೊಡ್ಡ ಆಸ್ಪತ್ರೆ, ಸಗಟು ಮಾರುಕಟ್ಟೆಗಳೆಲ್ಲ ನೀರಿನಾಚೆಗೆ ಇದ್ದ ಜನರಿಗೆ ಇದು ಬದುಕಿನ ಪ್ರಶ್ನೆಯೇ ಆಗಿತ್ತು.

ಈ ಅವಲಂಬನೆ ಬಹಳ ಹಳೆಯದು. ಕ್ರಿ.ಪೂ. 29ರ ಸುಮಾರಿಗೆ ಭೂಗೋಳಶಾಸ್ತ್ರಜ್ಞ ಸ್ಟ್ರಾಬೊ ಪ್ರಯಾಣಿಸುತ್ತಿದ್ದ ಹಡಗು ಗ್ಯಾರೋಸ್ ಎಂಬ ಬಡ ದ್ವೀಪದಲ್ಲಿ ತಂಗಿ ಹೊರಟಾಗ, ಅಲ್ಲಿನ ಮೀನುಗಾರರು ತಮ್ಮವನೊಬ್ಬನನ್ನು ದೂತನನ್ನಾಗಿ ಆರಿಸಿ ಅದೇ ಹಡಗಿಗೆ ಹತ್ತಿಸಿದರು. ನೂರು ದ್ರಾಖ್ಮಾ ಕೊಡುವುದೇ ಕಷ್ಟವಾಗಿದ್ದ ತಮ್ಮ ಮೇಲೆ ನೂರೈವತ್ತು ದ್ರಾಖ್ಮಾ ಕಂದಾಯ ಹೇರಲಾಗಿದೆಯೆಂದು ಕೊರಿಂಥ್‌ನಲ್ಲಿ ಬೀಡುಬಿಟ್ಟಿದ್ದ ಸೀಸರನಿಗೆ, ಅಂದರೆ ಮುಂದೆ ಅಗಸ್ಟಸ್ ಎನಿಸಿಕೊಂಡ ಅರಸನಿಗೆ, ಬಿನ್ನವಿಸಿಕೊಳ್ಳುವುದು ಅವನ ಕೆಲಸವಾಗಿತ್ತು. ರಾಜ್ಯಾಧಿಕಾರದ ಮುಂದೆ ನಿಲ್ಲಬೇಕಾದರೂ ದಾರಿಹೋಕ ಹಡಗೊಂದು ಬರುವವರೆಗೆ ಕಾಯಬೇಕಿದ್ದ ಆ ಸ್ಥಿತಿ, ಆಧುನಿಕ ಕಾಲದವರೆಗೂ ಅನೇಕ ಸಣ್ಣ ದ್ವೀಪಗಳಲ್ಲಿ ಹೆಚ್ಚು ಬದಲಾಗಲಿಲ್ಲ. ಬೇಸಿಗೆಯಲ್ಲಿ ಉತ್ತರದಿಂದ ದಿನಗಟ್ಟಲೆ ಬೀಸುವ ‘ಮೆಲ್ತೇಮಿ’ ಗಾಳಿಯೂ ಚಳಿಗಾಲದ ಬಿರುಗಾಳಿಗಳೂ ಹಾಯಿಹಡಗುಗಳನ್ನು ಬಂದರಿನಲ್ಲೇ ಕಟ್ಟಿಹಾಕುತ್ತಿದ್ದವು.

ನಿಯತ ವೇಳಾಪಟ್ಟಿಯ ಸಂಚಾರ ಆರಂಭವಾದದ್ದು ಸಿರೋಸ್ ದ್ವೀಪದಿಂದ. ಗ್ರೀಸಿನ ಸ್ವಾತಂತ್ರ್ಯ ಸಮರದ ಕಾಲದಲ್ಲಿ, 1822ರ ಹತ್ಯಾಕಾಂಡದಿಂದ ಪಾರಾಗಿ ಬಂದ ಖಿಯೋಸ್ ದ್ವೀಪದವರೂ ಇತರ ನಿರಾಶ್ರಿತರೂ ಅಲ್ಲಿ ಎರ್ಮೂಪೊಲಿ ಎಂಬ ವರ್ತಕ ನಗರವನ್ನು ಕಟ್ಟಿದರು. 1856ರಲ್ಲಿ ಅಲ್ಲಿಯೇ ಸರ್ಕಾರದ ನೆರವಿನೊಂದಿಗೆ ಗ್ರೀಕ್ ಉಗಿಹಡಗು ಕಂಪನಿ ಸ್ಥಾಪನೆಯಾಯಿತು. ಈ ಕಂಪನಿ ಅಂಚೆಯನ್ನೂ ಪ್ರಯಾಣಿಕರನ್ನೂ ಹೊತ್ತು ದ್ವೀಪಗಳನ್ನು ಪಿರೇಯಸ್‌ಗೆ, ಅಂದರೆ ಅಥೆನ್ಸಿನ ಬಂದರಿಗೆ ಜೋಡಿಸಿತು. 1866ರಿಂದ 1869ರವರೆಗಿನ ಕ್ರೀಟ್ ಬಂಡಾಯದಲ್ಲಿ ಅದರ ಹಡಗುಗಳು ಒಟ್ಟೊಮನ್ ನೌಕಾಪಡೆಯ ದಿಗ್ಬಂಧನವನ್ನು ದಾಟಿ ಬಂಡಾಯಗಾರರಿಗೆ ನೆರವನ್ನು ತಲುಪಿಸಿದವು. ಪಿರೇಯಸ್ ಬೆಳೆದಂತೆ ಸಿರೋಸ್‌ನ ಪ್ರಾಬಲ್ಯ ಕುಗ್ಗಿತು, 1893ರಲ್ಲಿ ಕಂಪನಿ ಮುಳುಗಿತು, ಕಡವು ಖಾಸಗಿ ಒಡೆಯರ ಪಾಲಾಯಿತು.

ಈ ಒಡೆತನದ ಬೆಲೆ ಏನೆಂಬುದು 1966ರಲ್ಲಿ ತಿಳಿಯಿತು. ಟಿಪಾಲ್ಡೋಸ್ ಕಂಪನಿಯ ‘ಹೆರಾಕ್ಲಿಯೋನ್’ ಹಡಗು ಮೂಲತಃ 1949ರಲ್ಲಿ ಬ್ರಿಟನ್ನಿನಲ್ಲಿ ಸರಕು ಮತ್ತು ಪ್ರಯಾಣಿಕರಿಗಾಗಿ ಕಟ್ಟಿದ್ದು; ಗ್ರೀಸಿಗೆ ಬಂದ ಮೇಲೆ ಅದರ ಪಕ್ಕೆಯಲ್ಲಿ ಬಾಗಿಲುಗಳನ್ನು ತೆರೆದು ವಾಹನಗಳನ್ನು ಹೊರುವ ಫೆರಿಯನ್ನಾಗಿ ಮಾರ್ಪಡಿಸಲಾಗಿತ್ತು. ಡಿಸೆಂಬರ್ 7ರ ಸಂಜೆ ಕ್ರೀಟಿನ ಸೂಡಾ ಬಂದರಿನಿಂದ ಪಿರೇಯಸ್‌ಗೆ ಹೊರಟ ಈ ಹಡಗಿನಲ್ಲಿ, ನಡುರಾತ್ರಿ ಕಳೆದ ಮೇಲೆ, ಸರಿಯಾಗಿ ಬಿಗಿಯದಿದ್ದ ಶೀತಲೀಕೃತ ಲಾರಿಯೊಂದು ಬಿರುಗಾಳಿಯ ಹೊಯ್ದಾಟಕ್ಕೆ ಜಾರಿ ಪಕ್ಕೆಯ ಬಾಗಿಲಿಗೆ ಅಪ್ಪಳಿಸಿತು. ನೀರು ನುಗ್ಗಿ, ಫಾಲ್ಕೊನೇರಾ ಎಂಬ ಬಂಡೆದ್ವೀಪದ ಬಳಿ ಹಡಗು ಸ್ವಲ್ಪ ಹೊತ್ತಿನಲ್ಲೇ ಮುಳುಗಿತು. ಇನ್ನೂರಕ್ಕೂ ಹೆಚ್ಚು ಮಂದಿ ಸತ್ತರು, ಬದುಕಿದವರು ಐವತ್ತಕ್ಕಿಂತ ಕಡಿಮೆ. ವಿಚಾರಣೆಯಲ್ಲಿ ನಿರ್ಲಕ್ಷ್ಯ ಸಾಬೀತಾಗಿ ಮಾಲೀಕರಿಗೆ ಶಿಕ್ಷೆಯಾಯಿತು, ಕಂಪನಿ ಕುಸಿಯಿತು.

ಆ ದುಃಖದಿಂದ ಕ್ರೀಟಿನವರು ತೆಗೆದ ನಿರ್ಧಾರವೇ ಈ ಚರಿತ್ರೆಯ ಅತ್ಯಂತ ಗೌರವಾರ್ಹ ಅಧ್ಯಾಯ. 1967ರಲ್ಲಿ ಹನಿಯಾ ನಗರದಲ್ಲಿ, ಕಿಸ್ಸಾಮೋಸ್ ಮತ್ತು ಸೆಲಿನೋ ಪ್ರಾಂತದ ಬಿಷಪ್ ಇರಿನಿಯೋಸ್ ಅವರ ಮುಂದಾಳತ್ವದಲ್ಲಿ, ರೈತರು, ಅಂಗಡಿಯವರು, ನೌಕರರು ಸಣ್ಣ ಸಣ್ಣ ಷೇರುಗಳನ್ನು ಕೊಂಡು ‘ಆನೆಕ್’ ಎಂಬ ಹಡಗು ಕಂಪನಿಯನ್ನು ಕಟ್ಟಿದರು. ತೈಲವಾಹಕ ಹಡಗೊಂದನ್ನು ಮಾರ್ಪಡಿಸಿ ಸಿದ್ಧಪಡಿಸಿದ ‘ಕಿಡೋನ್’ 1970ರಲ್ಲಿ ಪಿರೇಯಸ್ ಮಾರ್ಗಕ್ಕೆ ಇಳಿಯಿತು. ಜನಸಾಮಾನ್ಯರೇ ಷೇರುದಾರರಾಗಿರುವ ಇಂಥ ಸಂಸ್ಥೆಗಳನ್ನು ಗ್ರೀಸಿನಲ್ಲಿ ‘ಜನಾಧಾರಿತ’ ಕಂಪನಿಗಳೆಂದು ಕರೆಯುತ್ತಾರೆ. 1972ರಲ್ಲಿ ಹೆರಾಕ್ಲಿಯೋನ್ ನಗರದವರು ಮಿನೋಅನ್ ಲೈನ್ಸ್ ಆರಂಭಿಸಿದರು. ಲೆಸ್ವೋಸ್ ದ್ವೀಪದವರೂ ಇದೇ ದಾರಿ ಹಿಡಿದರು. ತಮ್ಮ ಮಕ್ಕಳನ್ನು ಕಳುಹಿಸುವ ಹಡಗಿನ ಬಾಗಿಲು ಭದ್ರವಾಗಿದೆಯೇ ಎಂದು ಕೇಳುವ ಹಕ್ಕನ್ನು ಷೇರುಪತ್ರದ ಮೂಲಕ ಪಡೆದ ಜನ ಬೇರೆಲ್ಲೂ ಹೆಚ್ಚಾಗಿ ಸಿಗಲಾರರು.

ಆದರೆ ದೊಡ್ಡ ದ್ವೀಪಗಳಿಗೆ ಸಾಧ್ಯವಾದದ್ದು ಕೆಲವೇ ನೂರು ಜನರಿರುವ ಸಣ್ಣ ದ್ವೀಪಗಳಿಗೆ ಸಾಧ್ಯವಿರಲಿಲ್ಲ. ಲಾಭವಿಲ್ಲದ ಆ ಹಾದಿಗಳನ್ನು ‘ಆಗೊನೆಸ್ ಗ್ರಾಮ್ಮೆಸ್’, ಅಂದರೆ ಬಂಜರು ಮಾರ್ಗಗಳು ಎಂದು ಗುರುತಿಸಿ, ಚಳಿಗಾಲದಲ್ಲೂ ಹಡಗು ಹೋಗುವಂತೆ ಸರ್ಕಾರ ಸಹಾಯಧನ ಕೊಡುತ್ತ ಬಂದಿದೆ. 2000ದ ಸೆಪ್ಟೆಂಬರ್ 26ರಂದು ಪಾರೋಸ್ ಬಳಿ ‘ಎಕ್ಸ್‌ಪ್ರೆಸ್ ಸಮೀನಾ’ ಬಂಡೆಗೆ ಬಡಿದು 80ಕ್ಕೂ ಹೆಚ್ಚು ಜನ ಸತ್ತ ಬಳಿಕ ಹಳೆಯ ಹಡಗುಗಳ ವಯೋಮಿತಿಯನ್ನು ಬಿಗಿಗೊಳಿಸಲಾಯಿತು. ಅದರ ಬೆನ್ನಲ್ಲೇ ಯುರೋಪಿಯನ್ ಒಕ್ಕೂಟದ ನಿಯಮದಂತೆ ದೇಶದೊಳಗಿನ ಹಡಗು ಸಂಚಾರ ಪೈಪೋಟಿಗೆ ತೆರೆದುಕೊಂಡಿತು. ಮಿನೋಅನ್ 2008ರಲ್ಲಿ ಇಟಲಿಯ ಗ್ರಿಮಾಲ್ಡಿ ಸಮೂಹಕ್ಕೆ ಸೇರಿತು, ಆನೆಕ್ 2023ರಲ್ಲಿ ಆಟಿಕಾ ಸಮೂಹದಲ್ಲಿ ವಿಲೀನವಾಯಿತು. ಜನಾಧಾರಿತ ಒಡೆತನ ಹೀಗೆ ಕರಗುತ್ತಿದ್ದ ಕಾಲದಲ್ಲೇ, 2018ರ ಕಾನೂನೊಂದು ‘ಸಾರಿಗೆ ಸಮತೆ’ ಎಂಬ ತತ್ವವನ್ನು ತಂದು, ಅಷ್ಟೇ ದೂರವನ್ನು ನೆಲದ ಮೇಲೆ ಕ್ರಮಿಸಲು ತಗಲುವ ವೆಚ್ಚಕ್ಕಿಂತ ಹಡಗಿನ ಟಿಕೆಟಿಗೆ ಹೆಚ್ಚಾಗುವ ಹಣವನ್ನು ಯೋಜನೆಗೆ ಒಳಪಟ್ಟ ದ್ವೀಪಗಳ ಖಾಯಂ ನಿವಾಸಿಗಳಿಗೆ ಸರ್ಕಾರವೇ ಮರಳಿಸುವಂತೆ ಮಾಡಿತು.