ತೆರೆಯ ಪಾಠ, ಹಾಸಿಗೆಯ ಬದಿಯ ಪಾಠ



ಮಂಗಳೂರಿನ ಹಂಪನಕಟ್ಟೆಯ ಬಳಿ ನೀವು ವೆನ್ಲಾಕ್ ಆಸ್ಪತ್ರೆಯನ್ನು ನೋಡಿರಬಹುದು. ಅದು ಆರಂಭವಾದದ್ದು 1848ರಲ್ಲಿ. 1880ರಲ್ಲಿ ಕಂಕನಾಡಿಯಲ್ಲಿ ಫಾದರ್ ಅಗಸ್ಟಸ್ ಮುಲ್ಲರ್ ಅವರು ಆಲದ ಮರದ ಕೆಳಗೆ ಬಡವರಿಗೆ ಔಷಧ ಕೊಡತೊಡಗಿದರು. ಡಾ. ಟಿ.ಎಂ.ಎ. ಪೈ ಅವರು 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದ ಮೇಲೆ ವೆನ್ಲಾಕ್ ಅದರ ವಿದ್ಯಾರ್ಥಿಗಳಿಗೆ ಕಲಿಕೆಯ ಆಸ್ಪತ್ರೆಯೂ ಆಯಿತು. ಪುಸ್ತಕದಲ್ಲಿ ಓದಿದ್ದನ್ನು ರೋಗಿಯ ಹಾಸಿಗೆಯ ಬದಿಯಲ್ಲಿ ನಿಂತು ಕಲಿಯುವುದೇ ಇಲ್ಲಿನ ಪದ್ಧತಿ.

ಹಾಗಾದರೆ ತೆರೆಯ ಮೇಲಿನ ಪಾಠ ಬಂದದ್ದು ಯಾವಾಗ? 1975ರ ಆಗಸ್ಟಿನಿಂದ ಒಂದು ವರ್ಷ ಕಾಲ ಎ.ಟಿ.ಎಸ್.-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನ ಪಾಠಗಳು ತಲುಪಿದವು. ನಮ್ಮ ರಾಯಚೂರು, ಬಿಜಾಪುರ, ಗುಲ್ಬರ್ಗಾ ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ಆರೋಗ್ಯವೂ ಒಂದು ವಿಷಯವಾಗಿತ್ತು. 1994ರಲ್ಲಿ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾನಿಲಯವು ಕೆಲಸದಲ್ಲಿರುವ ದಾದಿಯರಿಗಾಗಿ ದೂರಶಿಕ್ಷಣದ ನರ್ಸಿಂಗ್ ಪದವಿಯನ್ನು ತಂದಿತು. 2012ರ ಕೊನೆಯಲ್ಲಿ ವೈದ್ಯಕೀಯ ಸ್ನಾತಕೋತ್ತರ ಪ್ರವೇಶ ಪರೀಕ್ಷೆ ಕಂಪ್ಯೂಟರಿನ ಮುಂದೆ ನಡೆಯಿತು. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದಾಗಲಂತೂ ಕಾಲೇಜಿನ ತರಗತಿಗಳೆಲ್ಲ ಮೊಬೈಲಿಗೆ ಬಂದವು.

ಆ ದಿನಗಳ ಕುರಿತು ಒಂದು ಕಾರ್ಯಕ್ರಮಕ್ಕಾಗಿ ನಾನು ಮಂಗಳೂರಿನಲ್ಲಿ ಒಬ್ಬ ದಾದಿಯನ್ನು ಮಾತಾಡಿಸಿದ್ದೆ. ರಾತ್ರಿ ಪಾಳಿ ಮುಗಿಸಿ ಪದವಿಗೆ ಓದುತ್ತಿದ್ದ ಗೃಹಿಣಿ ಆಕೆ. ಊರು ಸುಳ್ಯದ ಕಡೆ. ಅಲ್ಲಿಗೆ ಹೋದಾಗ ನೆಟ್‌ವರ್ಕ್ ಸಿಗಬೇಕಾದರೆ ಗುಡ್ಡ ಹತ್ತಬೇಕು. "ಪಾಠವನ್ನು ಎರಡು ಸಲ ಕೇಳಬಹುದು ಸರ್, ಅದು ಒಳ್ಳೆಯದೇ. ಪರೀಕ್ಷೆಯಲ್ಲಿ ಮಾತ್ರ ಉತ್ತರ ಮರೆಯುವುದಕ್ಕಿಂತ ಸಿಗ್ನಲ್ ಹೋಗುವ ಹೆದರಿಕೆಯೇ ಜಾಸ್ತಿ. ಮತ್ತೆ, ಸೂಜಿ ಚುಚ್ಚಿದಾಗ ನರ ಸಿಕ್ಕಿತೋ ಇಲ್ಲವೋ ಅಂತ ಫೋನು ಹೇಳುವುದಿಲ್ಲವಲ್ಲ" ಎಂದರು.

ಇದನ್ನು ಹಳಬರ ಹಿಂಜರಿಕೆ ಎಂದು ತಳ್ಳಿಹಾಕಬೇಡಿ. ವಿಜ್ಞಾನದ ವಿದ್ಯಾರ್ಥಿಯಾಗಿದ್ದ ನನಗೆ ಇದರಲ್ಲಿ ಮಾಪನದ ಪ್ರಶ್ನೆ ಕಾಣುತ್ತದೆ. ತಾಪಮಾಪಕದಿಂದ ತೂಕ ಅಳೆಯಲಾಗದು. ನಾಲ್ಕು ಉತ್ತರಗಳಲ್ಲಿ ಒಂದನ್ನು ಗುರುತಿಸುವ ಪರೀಕ್ಷೆ ತಿಳಿವಳಿಕೆಯನ್ನು ಅಳೆಯುತ್ತದೆ. ಕೈಯ ಕೌಶಲವನ್ನು ಅಳೆಯುವುದಿಲ್ಲ. ಅದೇ 1975ರಲ್ಲಿ ಸ್ಕಾಟ್ಲೆಂಡಿನ ಡಂಡೀ ನಗರದಲ್ಲಿ ರೊನಾಲ್ಡ್ ಹಾರ್ಡನ್ ಎಂಬ ವೈದ್ಯ ಶಿಕ್ಷಕರು ಇದಕ್ಕಾಗಿಯೇ ಬೇರೊಂದು ಪರೀಕ್ಷೆಯನ್ನು ಪ್ರಕಟಿಸಿದರು. ಅದರಲ್ಲಿ ವಿದ್ಯಾರ್ಥಿ ಒಂದೊಂದೇ ಮೇಜಿಗೆ ಹೋಗಿ, ಕೆಲವೇ ನಿಮಿಷಗಳಲ್ಲಿ ಒಂದೊಂದು ಕೆಲಸ ಮಾಡಿ ತೋರಿಸಬೇಕು. ಪರೀಕ್ಷಕರು ಪಟ್ಟಿ ಹಿಡಿದು ಅಂಕ ಕೊಡುತ್ತಾರೆ. ಇಂದು ನಮ್ಮ ದೇಶದ ವೈದ್ಯಕೀಯ, ನರ್ಸಿಂಗ್ ಕಾಲೇಜುಗಳಲ್ಲೂ ಈ ಕ್ರಮ ಬಳಕೆಯಲ್ಲಿದೆ.

ದೂರದರ್ಶನದಲ್ಲಿ ದುಡಿಯುವ ನಾನೇ ಹೇಳುತ್ತೇನೆ: ದೂರದವರನ್ನೂ ದುಡಿಯುವವರನ್ನೂ ತಲುಪುವುದು ತೆರೆಯ ಶಕ್ತಿ, ಮುಟ್ಟಲಾಗದಿರುವುದು ಅದರ ಮಿತಿ. ನಾಳೆ ನೀವು ಆನ್‌ಲೈನ್ ಪರೀಕ್ಷೆಗೆ ಕುಳಿತಾಗ, ಇದು ನನ್ನಲ್ಲಿ ಏನನ್ನು ಅಳೆಯುತ್ತಿದೆ, ಏನನ್ನು ಬಿಡುತ್ತಿದೆ ಎಂದು ಕೇಳಿಕೊಳ್ಳಿ. ಬಿಟ್ಟುಹೋದದ್ದನ್ನು ಎಲ್ಲಿ ಕಲಿಯಬೇಕೆಂಬುದು ಆಗ ನಿಮಗೇ ತಿಳಿಯುತ್ತದೆ.