ಮಾರಿಕಣಿವೆ ಕರಾರಿನಿಂದ ಮೊಬೈಲಿನ ರೂಲಿಂಗ್‌ವರೆಗೆ

ಹಿರಿಯೂರು ಸೀಮೆಯ ಮಾರಿಕಣಿವೆ ಜಲಾಶಯ ಕಟ್ಟಲು ಶುರುವಾದದ್ದು 1898ರಲ್ಲಿ, ಮುಗಿದದ್ದು 1907ರಲ್ಲಿ. ಅದು ತಡೆಯುವ ವೇದಾವತಿ ನದಿಯ ನೀರಿನ ಮಾತು ಅದಕ್ಕೂ ಮೊದಲೇ ಕಾಗದಕ್ಕಿಳಿದಿತ್ತು. 1892ರ ಮೈಸೂರು–ಮದ್ರಾಸ್ ಕರಾರಿನ ‘ಎ’ ಪಟ್ಟಿಯಲ್ಲಿ ತುಂಗಭದ್ರೆಯ ಜೊತೆಗೆ ಹಗರಿ ಅಥವಾ ವೇದಾವತಿಯ ಹೆಸರಿದೆ. ಆ ನದಿಗಳಿಗೆ ಹೊಸ ಜಲಾಶಯ ಕಟ್ಟಬೇಕಾದರೆ ಮೈಸೂರು ಮೊದಲು ಮದ್ರಾಸಿನ ಒಪ್ಪಿಗೆ ಪಡೆಯಬೇಕಿತ್ತು. 1973ರಲ್ಲಿ ಕೃಷ್ಣಾ ಜಲವಿವಾದದ ವರದಿ ಕೊಟ್ಟ ಬಚಾವತ್ ನ್ಯಾಯಮಂಡಳಿಯೂ ವೇದಾವತಿ ಕೊಳ್ಳದ ನೀರಿನ ಬಳಕೆಗೆ ಪ್ರತ್ಯೇಕ ಮಿತಿ ಹಾಕಿತು.

ಒಂದು ಕಾಲಕ್ಕೆ ಇಂಥ ಕಾಗದ ಓದಬೇಕಾದರೆ ಸರ್ಕಾರಿ ದಫ್ತರಕ್ಕೋ ದೊಡ್ಡ ಲೈಬ್ರರಿಗೋ ಹೋಗಬೇಕಿತ್ತು. ಈಗ ಹಿರಿಯೂರಿನ ಕಾನೂನು ವಿದ್ಯಾರ್ಥಿ ಬಸ್ ಕಾಯುತ್ತಲೇ ಮೊಬೈಲಿನಲ್ಲಿ ಓದಬಹುದು.

ತೀರ್ಪುಗಳ ಕಥೆಯೂ ಹೀಗೆಯೇ. ಮೈಸೂರಿನ ಚೀಫ್ ಕೋರ್ಟ್ 1884ರಲ್ಲಿ ಶುರುವಾಗಿ 1930ರಲ್ಲಿ ಹೈಕೋರ್ಟ್ ಆಯಿತು. 1914ರಿಂದೀಚಿನ ತೀರ್ಪುಗಳ ಎಐಆರ್ (ಆಲ್ ಇಂಡಿಯಾ ರಿಪೋರ್ಟರ್) ಸಂಪುಟಗಳು ದೇಶದ ವಕೀಲರ ಕಪಾಟು ತುಂಬಿದವು. ಸೀನಿಯರ್ ಒಂದು ಸೆಕ್ಷನ್ ಹೇಳಿದರೆ ಜೂನಿಯರ್ ಡೈಜೆಸ್ಟ್ ತೆಗೆದು, ಸಂಪುಟ-ಪುಟ ಗುರುತು ಹಾಕಿ, ಆ ರೂಲಿಂಗ್ ಮುಂದೆ ರದ್ದಾಗಿದೆಯೇ ಎಂದು ನಂತರದ ವರ್ಷಗಳ ಡೈಜೆಸ್ಟನ್ನೂ ತಿರುವಬೇಕಿತ್ತು. ಕಪಾಟು ಕೊಳ್ಳಲಾಗದ ಹಳ್ಳಿಗಾಡಿನ ವಕೀಲನಿಗೆ ಪರರ ಚೇಂಬರೇ ಗತಿ. ಇದು ಸಣ್ಣ ಅನ್ಯಾಯವಲ್ಲ: ಪುಸ್ತಕವಿದ್ದವನ ಕಕ್ಷಿದಾರನಿಗೆ ಸಿಗುವ ಕಾನೂನು, ಇಲ್ಲದವನ ಕಕ್ಷಿದಾರನಿಗೆ ಸಿಗುತ್ತಿರಲಿಲ್ಲ.

ಕಾನೂನು ಮಾತ್ರ ಎಂದೂ ಖಾಸಗಿ ಸ್ವತ್ತಾಗಿರಲಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆ ನ್ಯಾಯಾಲಯದ ತೀರ್ಪುಗಳ ಮರುಮುದ್ರಣಕ್ಕೆ ದಾರಿ ಬಿಟ್ಟಿತ್ತು. ಈಸ್ಟರ್ನ್ ಬುಕ್ ಕಂಪನಿ ವಿರುದ್ಧ ಮೋದಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2007ರ ಡಿಸೆಂಬರ್‌ನಲ್ಲಿ, ತೀರ್ಪಿನ ಮೂಲಪಾಠದ ಮೇಲೆ ಪ್ರಕಾಶಕರಿಗೆ ಹಕ್ಕಿಲ್ಲ, ಅವರೇ ಬರೆದ ಹೆಡ್‌ನೋಟ್‌ನಂಥ ಶ್ರಮಕ್ಕಷ್ಟೇ ಹಕ್ಕು ಎಂದಿತು. ಮರು ತಿಂಗಳೇ, 2008ರ ಜನವರಿಯಲ್ಲಿ, ಸುಶಾಂತ್ ಸಿನ್ಹಾ ರೂಪಿಸಿದ ‘ಇಂಡಿಯನ್ ಕಾನೂನ್’ ಎಂಬ ತೀರ್ಪು ಹುಡುಕುವ ತಾಣ ಬಂತು. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟೇ ಇ-ಎಸ್‌ಸಿಆರ್ ತೆರೆದು ತನ್ನ ವರದಿಗಳನ್ನು ಪುಕ್ಕಟೆಯಾಗಿ ಕೊಟ್ಟಿತು. ಕೇಂದ್ರದ ಕಾಯ್ದೆಗಳು ‘ಇಂಡಿಯಾ ಕೋಡ್’ನಲ್ಲಿವೆ, ರಾಜ್ಯದ ಕಾಯ್ದೆಗಳು ಸಂಸದೀಯ ವ್ಯವಹಾರಗಳ ಇಲಾಖೆಯ ತಾಣದಲ್ಲಿ ಕನ್ನಡದಲ್ಲೂ ಸಿಗುತ್ತವೆ.

ಸುಲಭವಾಗಿ ಸಿಗುವುದರಲ್ಲೇ ಅಪಾಯವೂ ಇದೆ. ಪರಿಶಿಷ್ಟರ ಮಂಜೂರಿ ಜಮೀನಿನ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆಯನ್ನೇ ನೋಡಿ. ಜಮೀನು ಮರಳಿ ಕೇಳುವ ಅರ್ಜಿ ಸಮಂಜಸ ಅವಧಿಯೊಳಗೆ ಬರಬೇಕೆಂದು ಸುಪ್ರೀಂ ಕೋರ್ಟ್ 2017ರಲ್ಲಿ ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ ಹೇಳಿತು. ಅದೊಂದನ್ನೇ ಓದಿದವರು ಬಡವನ ಕೇಸು ಮುಗಿಯಿತು ಎಂದುಬಿಡಬಹುದು. ಆದರೆ ಅರ್ಜಿಗೆ ಕಾಲಮಿತಿ ಇಲ್ಲವೆಂದು ರಾಜ್ಯ 2023ರಲ್ಲಿ ಕಾಯ್ದೆಗೇ ತಿದ್ದುಪಡಿ ತಂದಿದೆ. ಆ ತಿದ್ದುಪಡಿಯನ್ನು ಹೈಕೋರ್ಟ್ ಹೇಗೆ ಅರ್ಥೈಸಿದೆ ಎಂಬುದನ್ನೂ ಹುಡುಕಿ ಓದಿದ ಮೇಲೆಯೇ ಕಕ್ಷಿದಾರನಿಗೆ ಉತ್ತರ ಹೇಳಬೇಕು.